ಜಾಡಿಯ ಬಾಯಿ

ಮಾರ್ಚ್ ಹುಟ್ಟಿದ ಕೂಡಲೇ ಅಜ್ಜಿ ಉಮ್ಸುನಾಯ್
ಏಪ್ರಿಕಾಟ್ ಮುರಬ್ಬ ಮುಗಿದ ಜಾಡಿ ತೊಳೆದು
ನನ್ನನ್ನು ಕರೆಯುತ್ತಿದ್ದಳು.
ಬೆರಳು ಕೂಡಿಸು. ಹೆಬ್ಬೆರಳು ಒಳಕ್ಕೆ ಮಡಚು.
ಹಾಂ, ತೂರಿಸು.
ಅಂಚು ತಾಕದೆ ಕೈ ಇಳಿದರೆ
'ಈ ವರ್ಷಕ್ಕೂ ಆದೀತು' ಎಂದು
ಉಗುರು ಕತ್ತರಿಸಲು ಕೂರುತ್ತಿದ್ದಳು,
ಎಳೆ ಮಾಂಸ ಕಾಣುವಷ್ಟು.

ಮೂವತ್ತೆರಡು ಕುರಿ, ಒಂಬತ್ತು ಮೇಕೆ, ಅಷ್ಟೇ ನಮ್ಮದು.
ಅತ್-ಬಾಶಿ ಕಣಿವೆಯಲ್ಲಿ ಅದನ್ನು ಯಾರೂ ಮಂದೆ ಎನ್ನುವುದಿಲ್ಲ.
ಅಪ್ಪನ ಅಂಗೈ ಸಲಿಕೆ.
ಅಜ್ಜಿಯದು ವಾತ ಹಿಡಿದು,
ಚಹಾ ಬಟ್ಟಲು ಹಿಡಿದ ಆಕಾರದಲ್ಲೇ ನಿಂತುಬಿಟ್ಟಿತ್ತು.
ಅಮ್ಮ ಆ ವರ್ಷ ತುಂಬಿದ ಬಸುರಿ;
ಈಯುವ ಕುರಿಗಳ ಹತ್ತಿರ ಸುಳಿಯಕೂಡದು ಎಂದು
ಆಸ್ಪತ್ರೆಯ ನರ್ಸ್ ಬರೆದೇ ಕೊಟ್ಟಿದ್ದಳು.
ಉಳಿದದ್ದು ನಾನು. ಒಂಬತ್ತು ವರ್ಷ.

ಹಳದಿ ಮೇಕೆ ಸಂಜೆಯಿಂದ ನೆಲ ಕೆರೆಯುತ್ತಿತ್ತು.
ಕೂತಿತು, ಎದ್ದಿತು, ತನ್ನ ಪಕ್ಕೆಯನ್ನೇ ತಿರುಗಿ ನೋಡಿತು,
ಯಾರೋ ಕರೆದ ಹಾಗೆ.
ನೀರು ಒಡೆಯಿತು. ಹಿಂದೆ ಏನೂ ಬರಲಿಲ್ಲ.
ಹೊರಗೆ ಗಾಳಿ, ಒಳಗೆ ಲಾಟೀನು,
ಹಿಕ್ಕೆ ಉರಿಯುವ ಒಲೆಯ ಮೇಲೆ ಬಿಸಿನೀರು.
ಕರಗಿದ ಕೊಬ್ಬನ್ನು ಮೊಣಕೈವರೆಗೆ ಸವರಿ
ಅಜ್ಜಿ ಕಿವಿಯಲ್ಲಿ ಅಂದಳು:
ಈ ಕೈ ನಿನ್ನದಲ್ಲ, ಉಮಾಯ್ ತಾಯಿಯದು.

ಅವಳದಾದರೆ ನನ್ನ ಮೂಳೆ ಯಾಕೆ ನೊಂದಿತು?
ನೋವು ಬಂದಾಗಲೆಲ್ಲ ಆ ಮೇಕೆ
ನನ್ನ ಮಣಿಕಟ್ಟನ್ನು ಒದ್ದೆ ಬಟ್ಟೆಯಂತೆ ಹಿಂಡುತ್ತಿತ್ತು.

ಒಳಗೆ ಕಣ್ಣಿಗೆ ಕೆಲಸವಿಲ್ಲ.
ಎರಡು ಗೆಣ್ಣೂ ಒಂದೇ ಕಡೆ ಬಾಗಿದರೆ ಮುಂಗಾಲು,
ಎದುರುಬದುರು ಬಾಗಿದರೆ ಹಿಂಗಾಲು.
ಕಾಲು ಹಿಡಿದು ಭುಜಕ್ಕೆ ಹೋಗು, ಭುಜದಿಂದ ಕತ್ತಿಗೆ,
ದಾರಿ ಕೇಳಿಕೊಂಡು ಹೋದ ಹಾಗೆ ಹೋಗು.
ಮೂರು ಕಾಲು ಸಿಕ್ಕಿದವು, ಎರಡು ತಲೆ.
ಯಾವುದು ಯಾರದು?
ಒಂದು ಕಾಲನ್ನು ಅದರ ಒಡೆಯನಿಗೆ ಒಪ್ಪಿಸುವಷ್ಟರಲ್ಲಿ
ಹಿಂದಿನ ತಲೆಯ ಬಾಯಿ ನನ್ನ ಬೆರಳನ್ನು ಕಂಡುಕೊಂಡು
ಚೀಪಿತು.
ಇನ್ನೂ ಹುಟ್ಟದ್ದು.
ಹಲ್ಲಿಲ್ಲದ, ಬೆಚ್ಚಗಿನ, ಅವಸರದ ಬಾಯಿ.

ಮೊದಲನೆಯದು ಜಾರಿ ಬಿತ್ತು, ಸೀನಿತು, ಕೂಗಿತು.
ಮೇಕೆ ನೆಕ್ಕತೊಡಗಿತು.
ಚೀಪಿದ್ದು ಬರಲು ತಡವಾಯಿತು.
ಅಪ್ಪ ಹಿಂಗಾಲು ಹಿಡಿದು ಬೀಸಿದ,
ಮೂಗಿಗೆ ಹುಲ್ಲುಕಡ್ಡಿ ಇಟ್ಟ, ಎದೆ ಉಜ್ಜಿದ,
ಆಮೇಲೆ ಸುಮ್ಮನೆ ಗೋಣಿಯ ಮೇಲೆ ಮಲಗಿಸಿದ.

'ಚೀಪಿತ್ತಜ್ಜಿ,' ಅಂದೆ.
'ಕೈ ತೊಳಿ,' ಅಂದಳು. 'ಚಹಾ ಆರುತ್ತೆ.'
'ಅಮ್ಮನಿಗೆ ಯಾರ ಕೈ?' ಅಂದೆ.
ಅಪ್ಪ ಲಾಟೀನು ಎತ್ತಿಕೊಂಡು ಹೊರಗೆ ಹೋದ.
ಕತ್ತಲಲ್ಲಿ ಮೇಕೆ ಗಿಣ್ಣುಹಾಲು ಕುಡಿಸುವ ಸದ್ದು ಮಾತ್ರ.

ಮರುದಿನ ಶಾಲೆಯಲ್ಲಿ ಪೆನ್ನು ಹಿಡಿಯಲಾಗಲಿಲ್ಲ.
ಕೈ ಊದಿತ್ತು, ಮಾಸಿನ ವಾಸನೆ ಬೇರೆ.
ಪಕ್ಕದಲ್ಲಿ ಕೂತಿದ್ದ ಅಸಿಲ್ಕಾನ್ ಬೆಂಚು ಬದಲಾಯಿಸಿದಳು.

ಹನ್ನೊಂದು ದಿನಕ್ಕೆ ಬೆಕ್ತೆಮಿರನ ಹಳೇ ಕಾರಿನಲ್ಲಿ
ಅಮ್ಮ ಹೋದಳು, ಅಮ್ಮ ಬಂದಳು.
ಮಡಿಲಲ್ಲಿ ನುರ್ಗಾಜಿ, ಕೆಂಪಗೆ, ಸಿಟ್ಟಿನಲ್ಲಿ.
ಯಾರೂ ನೋಡದಾಗ ಬೆರಳು ಕೊಟ್ಟೆ,
ಅದೇ ಬೆರಳು.
ಹಿಡಿದವನು ಬಿಡಲಿಲ್ಲ.
ನನಗೇ ಹೆದರಿಕೆಯಾಗಿ ಎಳೆದುಕೊಂಡೆ.

ಮುಂದಿನ ಮಾರ್ಚಿಗೆ ಕೈ ಗೆಣ್ಣಿನ ಹತ್ತಿರ ನಿಂತಿತು.
ಇನ್ನೊಮ್ಮೆ ಅಂದಳು ಅಜ್ಜಿ. ಎಣ್ಣೆ ಹಚ್ಚಿದಳು. ಇನ್ನೊಮ್ಮೆ.
ಆಮೇಲೆ ಜಾಡಿಗೆ ಉಪ್ಪು ತುಂಬಿ ಮೇಲಿಟ್ಟಳು.
ಅಂಬೆಗಾಲಿನ ನುರ್ಗಾಜಿ ಅದನ್ನೇ ನೋಡುತ್ತ
ಮುಷ್ಟಿ ಬಿಚ್ಚಿ, ಮುಚ್ಚಿ, ಬಿಚ್ಚಿ
ಆಡುತ್ತಿದ್ದ.